ಪಾಠ ಒಪ್ಪಿಸುವ ದನಿ ಬಿಡಿಸುವುದು ಹೇಗೆ?

ಪ್ರಶ್ನೆ: ನಮ್ಮ ಸಮುದಾಯ ರೇಡಿಯೋದಲ್ಲಿ ಶಾಲಾ ಮಕ್ಕಳಿಂದ ವಾರಕ್ಕೊಂದು ಕಾರ್ಯಕ್ರಮ ಮಾಡಿಸುತ್ತೇವೆ. ಮೈಕ್ ಕಂಡರೆ ಸಾಕು, ಎಲ್ಲರೂ ಪಾಠ ಒಪ್ಪಿಸುತ್ತಾರೆ. ಮೊನ್ನೆ ಒಬ್ಬ ಹುಡುಗಿ ಪರಿಚಿತರೊಬ್ಬರ ಲೈಂಗಿಕ ಕಿರುಕುಳದ ಬಗ್ಗೆ ಹೇಳಿಬಿಟ್ಟಳು. ಹೆಸರು ತೆಗೆದು ಪ್ರಸಾರ ಮಾಡಬಹುದೇ?

ಉತ್ತರ: ಎರಡನೆಯದು ಮೊದಲು. ಬೇಡವೇ ಬೇಡ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಹೆಸರಷ್ಟೇ ಅಲ್ಲ, ವಿಳಾಸ, ಶಾಲೆ, ಮನೆಯವರ ವಿವರ, ನೆರೆಹೊರೆ, ಗುರುತು ಸಿಗುವ ಯಾವುದೂ ಹೊರಬೀಳುವಂತಿಲ್ಲ. ಸುತ್ತಲಿನ ನಾಲ್ಕೂರಿಗಷ್ಟೇ ಕೇಳುವ ರೇಡಿಯೋದಲ್ಲಿ ದನಿಯೇ ವಿಳಾಸ. ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಅದೇ ಕಾಯ್ದೆಯಡಿ ಅಪರಾಧ. ಇಂದೇ ತಿಳಿಸಿ, 1098 ಮಕ್ಕಳ ಸಹಾಯವಾಣಿಯೂ ಇದೆ. ಹುಡುಗಿಯಿಂದ ಅದನ್ನು ಮತ್ತೆ ಮತ್ತೆ ಹೇಳಿಸಬೇಡಿ.

ಇನ್ನು ಒಪ್ಪಿಸುವ ದನಿ. ಅದು ಕೈಯಲ್ಲಿರುವ ಕಾಗದದ್ದು, ಮಕ್ಕಳದ್ದಲ್ಲ. ಕಾಗದ ತೆಗೆಯಿರಿ, ಮೇಷ್ಟ್ರನ್ನೂ ಕಣ್ಣಿಗೆ ಬೀಳದಷ್ಟು ದೂರ ಕೂರಿಸಿ. "ನಿಮ್ಮೂರ ಕೆರೆ ಬಗ್ಗೆ ಹೇಳು" ಅಂದರೆ ಪ್ರಬಂಧ ಬರುತ್ತದೆ. "ಕೆರೆ ದಂಡೆಯಲ್ಲಿ ನಿನ್ನೆ ಏನೇನು ಸಿಕ್ಕಿತು?" ಅನ್ನಿ, ಮಾತು ಬರುತ್ತದೆ. ಮೂರ್ನಾಲ್ಕು ಮಕ್ಕಳನ್ನು ಜಮಖಾನದ ಮೇಲೆ ಕೂರಿಸಿ. ಕುರ್ಚಿಯಾದರೆ ಕಿರುಗುಟ್ಟುತ್ತದೆ, ಕಾಲಾಡಿಸುವ ಸದ್ದೂ ಸೇರುತ್ತದೆ. ಮೈಕ್ ಬಾಯಿಂದ ಒಂದು ಗೇಣು ದೂರ, ತುಸು ಪಕ್ಕಕ್ಕಿರಲಿ. ನೇರ ಹಿಡಿದರೆ ಪ, ಬ ಅಕ್ಷರಗಳು ಸಿಡಿಯುತ್ತವೆ. ಫ್ಯಾನ್ ಆರಿಸಿ, ಆಮೇಲೆ ಆ ಗೊರಗೊರ ತೆಗೆಯಹೋದರೆ ದನಿಯೂ ಕೆಡುತ್ತದೆ. ಮೊದಲ ಐದು ನಿಮಿಷ ಸುಮ್ಮನೆ ರೆಕಾರ್ಡ್ ಆಗಲಿ, ಸಾಮಾನ್ಯವಾಗಿ ಬಳಕೆಗೆ ಬಾರದು. ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಿ. ಕೊನೆಗೆ ಅರ್ಧ ನಿಮಿಷ ಕೋಣೆಯ ಮೌನವನ್ನೂ ಹಿಡಿದಿಡಿ, ಕತ್ತರಿಸಿದ ಕಡೆ ತೇಪೆಗೆ ಬೇಕಾಗುತ್ತದೆ.