ಆನೆಗೊಂದಿಯ ಹಳೇ ಮನೆ: ಕೆಡವಬೇಕೋ, ಹೋಂಸ್ಟೇ ಮಾಡಬೇಕೋ?

ಹಂಪಿ ಪಕ್ಕದ ಆನೆಗೊಂದಿಯಲ್ಲಿರುವ ನಿಮ್ಮ ಹಳೇ ಮನೆಯ ಗೋಡೆ ಉದುರುತ್ತಿದೆ, ಕೆಡವಿ ಕಾಂಕ್ರೀಟ್ ಕೋಣೆ ಕಟ್ಟಲೋ, ಇದನ್ನೇ ಸರಿಪಡಿಸಿ ಹೋಂಸ್ಟೇ ಮಾಡಲೋ ಎಂದು ಕೇಳಿದ್ದೀರಿ. ಕೆಡವಬೇಡಿ. ಮಣ್ಣಿನ ಗೋಡೆ ಉಬ್ಬಿ ಉದುರುತ್ತಿರುವುದಕ್ಕೆ ಬಹುಶಃ ನೀವು ಮಾಡಿಸಿದ ಸಿಮೆಂಟ್ ಗಿಲಾವೇ ಕಾರಣ. ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಬುಡದಿಂದ ಮೂರಡಿ ಎತ್ತರದವರೆಗೆ ಆ ಗಿಲಾವು ಕಿತ್ತು, ಬೇಸಿಗೆಯಿಡೀ ಆರಲು ಬಿಡಿ. ತೇವ ನೆಲದ್ದೋ ಮಾಳಿಗೆಯದ್ದೋ ಎನ್ನುವುದು ಆಗಲೇ ಖಚಿತವಾಗೋದು. ಮಾಳಿಗೆಯದ್ದಾದರೆ ಮೊದಲು ಸೋರಿಕೆ ನಿಲ್ಲಿಸಿ. ಆಮೇಲೆ ಎರಡು ವಾರ ನೆನೆಸಿದ ಸುಣ್ಣ ಒಂದು ಪಾಲು, ಜರಡಿ ಹಿಡಿದ ಮರಳು ಮೂರು ಪಾಲು ಕಲಸಿ ಹೊಸ ಗಿಲಾವು ಮಾಡಿಸಿ. ತೆಳುವಾಗಿ ಎರಡು ಪದರ. ನಮ್ಮ ಕಡೆಯ ಬಿಸಿಲಿಗೆ ಬೇಗ ಒಣಗಿ ಬಿರುಕು ಬಿಡುತ್ತದೆ, ಒದ್ದೆ ಗೋಣಿ ಹೊದಿಸಿ.

ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್) ಕೋಣೆ ಹತ್ತಿರದ ಗಂಗಾವತಿಯಲ್ಲೂ ಸಿಗುತ್ತದೆ ಬಿಡಿ. ಪ್ರವಾಸಿ ದುಡ್ಡು ಕೊಡೋದು ನಿಮ್ಮ ಕಟ್ಟೆಗೆ, ಮರದ ಕಂಬಕ್ಕೆ. ಅಲ್ಲದೆ ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗಿದ್ದರೆ ಹೊಸದಾಗಿ ಕಟ್ಟುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ಗಾರೆಯವರನ್ನು ಕರೆಸುವ ಮುನ್ನ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕೆ ಮನೆಯ ದಾಖಲೆ, ನಾಲ್ಕೂ ಬದಿಯ ಫೋಟೊ ಒಯ್ದು ವಿಚಾರಿಸಿ.