ಒಂದೇ ಸರ್ವರ್‌ನ ಐದು ತಾಣಗಳ ಬ್ಯಾಂಡ್‌ವಿಡ್ತ್ ಬೇರೆಬೇರೆಯಾಗಿ ಅಳೆಯುವುದು
ಒಂದೇ ಸರ್ವರ್‌ನಲ್ಲಿರುವ ಐದು ವೆಬ್ ತಾಣಗಳಲ್ಲಿ ಪ್ರತಿಯೊಂದೂ ಎಷ್ಟು ಬ್ಯಾಂಡ್‌ವಿಡ್ತ್ (ಕಳುಹಿಸುವ ದತ್ತಾಂಶದ ಪ್ರಮಾಣ) ಬಳಸುತ್ತಿದೆ ಎಂದು ತಿಳಿಯುವುದು ಹೇಗೆಂದು ಕೇಳಿದ್ದೀರಿ. ದತ್ತಾಂಶದ ಸಂಚಾರ ಅಳೆಯುವ ಉಪಕರಣವಾದ ವಿಎನ್‌ಸ್ಟ್ಯಾಟ್ ನಿಮಗೆ ಐದೂ ತಾಣಗಳ ಒಟ್ಟು ಮೊತ್ತವನ್ನಷ್ಟೇ ತೋರಿಸುತ್ತಿರುವುದಕ್ಕೆ ಕಾರಣ, ಅದು ನೆಟ್‌ವರ್ಕ್ ಇಂಟರ್‌ಫೇಸ್‌ನ (ಸರ್ವರ್‌ನ ಜಾಲ ಸಂಪರ್ಕದ) ಎಣಿಕೆಯನ್ನು ಮಾತ್ರ ಓದುತ್ತದೆ. ಯಾವ ಬೈಟ್ ಯಾವ ತಾಣದ್ದೆಂಬುದು ವೆಬ್ ಸರ್ವರ್‌ಗೆ ಮಾತ್ರ ಗೊತ್ತಿರುತ್ತದೆ. ಆದ್ದರಿಂದ ಲೆಕ್ಕವನ್ನು, ವೆಬ್ ಸರ್ವರ್ ಪ್ರತಿ ಕೋರಿಕೆಯನ್ನೂ ಬರೆದಿಡುವ ಆಕ್ಸೆಸ್ ಲಾಗ್‌ನಿಂದಲೇ ತೆಗೆಯಬೇಕು.

ನೀವು ಬಳಸುತ್ತಿರುವುದು ಎಂಜಿನ್‌ಎಕ್ಸ್ ವೆಬ್ ಸರ್ವರ್ ಎಂದು ಊಹಿಸಿದ್ದೇನೆ. ಮೊದಲು ಪ್ರತಿ ತಾಣದ ಸರ್ವರ್ ಬ್ಲಾಕ್‌ನಲ್ಲಿ (ಸಂರಚನೆಯಲ್ಲಿ ಆ ತಾಣಕ್ಕಿರುವ ಭಾಗ) ಪ್ರತ್ಯೇಕ ಲಾಗ್ ಕಡತವನ್ನು ಸೂಚಿಸಿ. ಅನಂತರ ಲಾಗ್ ಫಾರ್ಮ್ಯಾಟ್‌ನಲ್ಲಿ (ಲಾಗ್‌ನ ಪ್ರತಿ ಸಾಲಿನಲ್ಲಿ ಏನೇನು ಬರೆಯಬೇಕೆಂಬ ನಮೂನೆ) ‘ಬಾಡಿ ಬೈಟ್ಸ್ ಸೆಂಟ್’ ಇರುವ ಜಾಗಕ್ಕೆ ‘ಬೈಟ್ಸ್ ಸೆಂಟ್’ ಹಾಕಿ, ಏಕೆಂದರೆ ಮೊದಲನೆಯದು ಹೆಡರ್‌ಗಳನ್ನು (ಉತ್ತರದ ಮೊದಲಿಗೆ ಹೋಗುವ ಮಾಹಿತಿ ಸಾಲುಗಳನ್ನು) ಬಿಟ್ಟು ಎಣಿಸುತ್ತದೆ. ಸಂರಚನೆಯನ್ನು ಪರೀಕ್ಷಿಸಿ ರೀಲೋಡ್ ಮಾಡಿ. ಡೆಬಿಯನ್ ಅಥವಾ ಉಬುಂಟುವಿನ ಅಪಾಚೆ ವೆಬ್ ಸರ್ವರ್ ಆದರೆ ‘ವಿಹೋಸ್ಟ್ ಕಂಬೈನ್ಡ್’ ಫಾರ್ಮ್ಯಾಟ್ ಸಿದ್ಧವಾಗಿಯೇ ಇರುತ್ತದೆ. ಪ್ರತಿ ಸಾಲೂ ತಾಣದ ಹೆಸರಿನಿಂದ ಆರಂಭವಾಗುತ್ತದೆ.

ಒಂದು ದಿನ ಕಳೆದ ಮೇಲೆ ಆ ಕಡತಗಳನ್ನು ಲಾಗ್ ವಿಶ್ಲೇಷಿಸುವ ಉಪಕರಣವಾದ ಗೋಆಕ್ಸೆಸ್‌ಗೆ ಕೊಡಿ. ವಿಡಿಯೊ ಇರುವ ತಾಣದಲ್ಲಿ 206 ಸಂಕೇತದ (ಕಡತದ ಭಾಗವನ್ನಷ್ಟೇ ಕಳುಹಿಸಲಾಗಿದೆ ಎಂದರ್ಥ) ಸಾಲುಗಳು ಹೇರಳವಾಗಿ ಕಾಣುತ್ತವೆ: ನೋಡುಗರು ವಿಡಿಯೊವನ್ನು ಮುಂದೆ ಸರಿಸಿದಾಗಲೆಲ್ಲ ಕಡತದ ಒಂದು ತುಂಡಷ್ಟೇ ಹೋಗುತ್ತದೆ. ಹಾಗಾಗಿ ಕಡತದ ಗಾತ್ರವನ್ನು ಭೇಟಿಗಳ ಸಂಖ್ಯೆಯಿಂದ ಗುಣಿಸುವ ತಪ್ಪನ್ನು ದಯವಿಟ್ಟು ಮಾಡಬೇಡಿ, ಬೈಟ್‌ಗಳನ್ನೇ ಕೂಡಿಸಿ.

ಈ ಮೊತ್ತ ವಿಎನ್‌ಸ್ಟ್ಯಾಟ್ ತೋರಿಸುವುದಕ್ಕಿಂತ ಕಡಿಮೆಯೇ ಬರುತ್ತದೆ, ಏಕೆಂದರೆ ಟಿಎಲ್‌ಎಸ್ (ಸಂಪರ್ಕದ ಗೂಢಲಿಪೀಕರಣ) ಹೊರೆ, ಮೇಲ್ ಮತ್ತು ಹೊರಗೆ ಹೋಗುವ ಬ್ಯಾಕಪ್ ಲಾಗ್‌ನಲ್ಲಿ ದಾಖಲಾಗುವುದಿಲ್ಲ. ಅಂತರ ತೀರಾ ದೊಡ್ಡದಾಗಿದ್ದರೆ ಬ್ಯಾಕಪ್ ನಡೆಯುವ ಹೊತ್ತಿನ ವಿಎನ್‌ಸ್ಟ್ಯಾಟ್ ಗಂಟೆವಾರು ಅಂಕಿಗಳನ್ನು ಮೊದಲು ನೋಡಿ.