ರಕ್ತಪರೀಕ್ಷೆ ಸರಿಯಿದ್ದರೂ ಖಿನ್ನತೆ ಎನ್ನುವುದು ಹೇಗೆ?

ಪ್ರಶ್ನೆ: ನನಗೆ 42 ವರ್ಷ. ಎರಡು ತಿಂಗಳಿಂದ ಸರಿಯಾಗಿ ನಿದ್ರೆಯಿಲ್ಲ, ಸದಾ ಸುಸ್ತು, ಯಾವುದರಲ್ಲೂ ಆಸಕ್ತಿಯಿಲ್ಲ. ರಕ್ತಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ. ಮನೋವೈದ್ಯರು ಮುಕ್ಕಾಲು ಗಂಟೆ ಮಾತನಾಡಿಸಿ, ಇದು ಖಿನ್ನತೆ ಎಂದರು. ಬರೀ ಮಾತಿನಿಂದ ಕಾಯಿಲೆ ತಿಳಿಯುತ್ತದೆಯೇ? ಸ್ಕ್ಯಾನ್ ಮಾಡಿಸಬೇಕೇ?

ಉತ್ತರ: ಖಿನ್ನತೆಯನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಂದಿಗೂ ಇಲ್ಲ. ಥೈರಾಯ್ಡ್ ಹಾರ್ಮೋನಿನ ಕೊರತೆ, ರಕ್ತಹೀನತೆ, ಬಿ12 ಜೀವಸತ್ವದ ಅಭಾವ ಇವೂ ಇಂಥದೇ ಸುಸ್ತು, ನಿರುತ್ಸಾಹಗಳನ್ನು ತರಬಲ್ಲವಾದ್ದರಿಂದ, ಅವು ಕಾರಣವಲ್ಲವೆಂದು ಖಾತರಿಪಡಿಸಿಕೊಳ್ಳಲು ರಕ್ತಪರೀಕ್ಷೆ ಮಾಡಿಸುತ್ತಾರೆ. ಮೆದುಳಿನ ಕಾಯಿಲೆಯ ಸೂಚನೆಗಳೇನೂ ಇಲ್ಲದಿದ್ದಾಗ ಸ್ಕ್ಯಾನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ನಿಮಗೆ ಬರೀ ಮಾತು ಎನಿಸಿದ್ದೇ ವಾಸ್ತವದಲ್ಲಿ ತಪಾಸಣೆ. ಕುಗ್ಗಿದ ಮನಸ್ಸು, ನಿರಾಸಕ್ತಿ, ನಿದ್ರೆ ಮತ್ತು ಹಸಿವಿನ ವ್ಯತ್ಯಾಸ, ಆಯಾಸ, ಚಲನವಲನದ ನಿಧಾನ ಅಥವಾ ಚಡಪಡಿಕೆ, ಏಕಾಗ್ರತೆಯ ಕೊರತೆ, ತನ್ನನ್ನೇ ಹಳಿದುಕೊಳ್ಳುವುದು, ಸಾವಿನ ಯೋಚನೆ ಎಂಬ ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದು, ಎರಡು ವಾರಗಳ ಕಾಲ ಹೆಚ್ಚುಕಡಿಮೆ ದಿನವೂ ಇದ್ದು, ಅವುಗಳಲ್ಲಿ ಮೊದಲೆರಡರಲ್ಲಿ ಒಂದಾದರೂ ಸೇರಿದ್ದು, ದಿನನಿತ್ಯದ ಬದುಕಿಗೆ ತೊಡಕಾಗಿದ್ದರೆ ಖಿನ್ನತೆ ಎಂದು ಪರಿಗಣಿಸಲಾಗುತ್ತದೆ. ನೀವು ಉತ್ತರಿಸಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತೀರಿ, ದನಿ ಎಷ್ಟು ಕ್ಷೀಣಿಸಿದೆ ಎಂಬುದನ್ನೂ ವೈದ್ಯರು ಗಮನಿಸುತ್ತಿರುತ್ತಾರೆ. ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯಲ್ಲಿ 27ಕ್ಕೆ 10 ಅಥವಾ ಹೆಚ್ಚು ಅಂಕ ಬಂದರೆ ಹೆಚ್ಚಿನ ವಿಚಾರಣೆ ಅಗತ್ಯ. ಆದರೆ ಅಂಕವೊಂದೇ ರೋಗನಿರ್ಣಯವಲ್ಲ.

ರೋಗಿಗಳು ತಾವಾಗಿ ಹೇಳದಿರುವ ಒಂದು ಸಂಗತಿಯ ಬಗ್ಗೆ ನನಗೆ ಹೆಚ್ಚು ಕಾಳಜಿ. ಹಿಂದೆ ಎಂದಾದರೂ ಕೆಲವು ದಿನಗಳ ಕಾಲ ಎರಡು ಮೂರು ತಾಸಷ್ಟೇ ಮಲಗಿದರೂ ದಣಿವಾಗದೆ, ಮಾತು ಮಿತಿಮೀರಿ, ಯೋಚಿಸದೆ ಹಣ ಖರ್ಚು ಮಾಡಿದ್ದುಂಟೇ? ಅಂಥ ಅತಿ ಉತ್ಸಾಹದ ಅವಧಿ ಇದ್ದಿದ್ದರೆ, ಈಗಿನದು ಬೈಪೋಲಾರ್ ಕಾಯಿಲೆಯ, ಅಂದರೆ ಅತಿ ಉತ್ಸಾಹ ಮತ್ತು ಖಿನ್ನತೆ ಬೇರೆ ಬೇರೆ ಅವಧಿಗಳಲ್ಲಿ ಬರುವ ಕಾಯಿಲೆಯ, ಖಿನ್ನತೆಯಾಗಿರಬಹುದು. ಅದಕ್ಕೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಮನಸ್ಸು ಮತ್ತೆ ಉನ್ಮಾದಕ್ಕೆ ತಿರುಗುವ ಅಪಾಯವಿದೆ. ಆ ದಿನಗಳು ಸ್ವತಃ ಅನುಭವಿಸಿದವರಿಗೆ ಕಾಯಿಲೆಯಂತೆ ತೋರುವುದಿಲ್ಲವಾದ್ದರಿಂದ, ಮುಂದಿನ ಭೇಟಿಗೆ ನಿಮ್ಮನ್ನು ಬಹುಕಾಲದಿಂದ ಬಲ್ಲ ಮನೆಯವರೊಬ್ಬರನ್ನು ಕರೆದೊಯ್ಯಿರಿ. ಸೇವಿಸುತ್ತಿರುವ ಎಲ್ಲ ಔಷಧಗಳನ್ನೂ, ಮದ್ಯಪಾನದ ಅಭ್ಯಾಸವಿದ್ದರೆ ಅದನ್ನೂ ತಿಳಿಸಿ.

ಬದುಕು ಬೇಡವೆನಿಸಿದೆಯೇ ಎಂದು ವೈದ್ಯರು ನೇರವಾಗಿ ಕೇಳಿರಬಹುದು. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ; ಬಹಳ ಮಂದಿಗೆ ಹೇಳಿಕೊಂಡು ಹಗುರಾಗಲು ಅದೇ ಅವಕಾಶವಾಗುತ್ತದೆ. ಅಂದು ಸಂಕೋಚದಿಂದ ಇಲ್ಲವೆಂದಿದ್ದರೆ, ಮುಂದಿನ ಭೇಟಿಯವರೆಗೆ ಕಾಯದೆ ಇಂದೇ ಅವರಿಗೆ ತಿಳಿಸಿ.